ಜಂಜಿಬಾರಿನಲ್ಲಿ ಮೂರು ಗೆರೆ

ಜಂಜಿಬಾರ್ ಹೇಗಿತ್ತು ಎಂದು ಕೇಳಿದವರಿಗೆಲ್ಲ ನಾನು ಅಲ್ಲಿನ ಬಾಗಿಲುಗಳ ಸುದ್ದಿ ಹೇಳಿ ಮುಗಿಸಿಬಿಡುತ್ತೇನೆ. ಬಾಗಿಲುಗಳ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಆಳೆತ್ತರವನ್ನು ಮೀರಿದ ಮರದ ಬಾಗಿಲುಗಳು, ಮೈತುಂಬ ಕೆತ್ತನೆ, ಸಾಲು ಸಾಲಾಗಿ ಹಿತ್ತಾಳೆಯ ಚೂಪು ಮೊಳೆಗಳು. ಉಳಿದದ್ದರಲ್ಲಿ ಕಣ್ಣಾರೆ ಕಂಡದ್ದು ಎಷ್ಟು, ಊರಿಗೆ ಬಂದ ಮೇಲೆ ಹೇಳಿ ಹೇಳಿ ಸೇರಿಕೊಂಡದ್ದು ಎಷ್ಟು ಎಂದು ನನಗೇ ತಿಳಿಯದು. ದಾವಣಗೆರೆಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವನು ಹೀಗೆ ಬರೆಯುವುದು ಶೋಭಿಸುವುದಿಲ್ಲ. ಆದರೂ ಆ ಊರಿನಲ್ಲಿ ಕಳೆದ ಅರ್ಧ ದಿನವನ್ನು ಒಮ್ಮೆ ಸಾಲಾಗಿ ಬರೆದು ನೋಡಬೇಕು ಅನ್ನಿಸಿದೆ. ಯಾಕೆಂದರೆ ಹರಿಹರದಲ್ಲಿ ಒಬ್ಬಾಕೆ ಇನ್ನೂ ಕಾಯುತ್ತಿದ್ದಾಳೆ.

ಹರಿಹರ ಸ್ಟೇಷನ್

ನಾವು ಹೊರಟದ್ದು ಜಂಜಿಬಾರಿಗಲ್ಲ. ನನ್ನ ತಂಗಿ ಶಾಂತ ಮದುವೆಯಾಗಿ ದಾರ್ ಎಸ್ ಸಲಾಮಿನಲ್ಲಿದ್ದಳು. ಆಕೆಯ ಗಂಡನಿಗೆ ಅಲ್ಲಿನ ರೈಲ್ವೆಯಲ್ಲಿ ಕೆಲಸ. ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು, ಊರಿಗೆ ಬರುವಂತಿರಲಿಲ್ಲ. "ಮಗಳು ತವರಿಗೆ ಬರಾಕಾಗ್ದಿದ್ರೆ ತವರೇ ಹಡಗು ಹತ್ತಿ ಹೋಗ್ತೈತೆ," ಎಂದು ಅವ್ವ ತೀರ್ಮಾನ ಕೊಟ್ಟಳು. ನಾನು ರಜೆ ಹಾಕಿ ಜೊತೆಗೆ ಹೊರಟೆ. ಪಿ.ಜೆ. ಬಡಾವಣೆಯ ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಮನೆಗೆ ತಿರುಗಿ ತಿರುಗಿ ನನಗೂ ಎಲ್ಲಿಗಾದರೂ ಹೋದರೆ ಸಾಕಾಗಿತ್ತು. ಅದು ಅರವತ್ತಮೂರರ ಕೊನೆ.

ದಾವಣಗೆರೆಯಲ್ಲಿ ಹತ್ತಿದ ರೈಲು ಹರಿಹರದಲ್ಲಿ ನಿಂತಾಗ ಗೌರತ್ತೆ ಕಿಟಕಿಯ ಹತ್ತಿರ ಬಂದಳು. ನನ್ನ ಸೋದರಮಾವ ರೇವಣ್ಣನ ಹೆಂಡತಿ. ದೇವಸ್ಥಾನದ ಬೀದಿಯಲ್ಲಿ ಮಾವ ಇಟ್ಟಿದ್ದ ಕಿರಾಣಿ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಮಾವ, ನಾನು ಇನ್ನೂ ಶಾಲೆಯಲ್ಲಿದ್ದಾಗ, ಹತ್ತಿ ಅಂಡಿಗೆಗಳ ಜೊತೆ ಮುಂಬಯಿಗೆ ಹೋದವನು ತಿರುಗಿ ಬರಲಿಲ್ಲ. ಯಾಕೆ ಹೋದ ಎಂಬುದಕ್ಕೆ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಯಾವನೋ ಗುಜರಾತಿ ವ್ಯಾಪಾರಿಯ ಕೂಡ ಜಂಜಿಬಾರಿನ ಹಡಗು ಹತ್ತಿದನಂತೆ ಎಂಬುದು ಹತ್ತಿ ಪೇಟೆಯಲ್ಲಿ ಸಿಕ್ಕ ಕೊನೆಯ ಸುದ್ದಿ.

ಗೌರತ್ತೆ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಕಿಟಕಿಯಿಂದ ಒಳಗೆ ಕೊಟ್ಟಳು. "ಅಕ್ಕಾ, ಹಡಗು ಅಲ್ಲಿ ನಿಂತ್ರೆ ಒಂದು ಮಾತು ಕೇಳಿ ಬರ್ರಿ. ಇದಾರೆ ಅಂತ ಬ್ಯಾಡ. ಇದ್ರು ಅಂತ ಗೊತ್ತಾದ್ರೂ ಸಾಕು."

"ಕೇಳ್ತೀನಿ ಬಿಡು ಗೌರಿ. ಎಷ್ಟು ದೊಡ್ಡ ಊರು ಇದ್ದೀತು ಅದು?" ಎಂದಳು ಅವ್ವ, ಜಂಜಿಬಾರ್ ಅಂದರೆ ಹರಿಹರದ ಹೊಳೆಯ ಆಚೆಯ ದಂಡೆ ಎಂಬಂತೆ.

ಹಡಗುಕಟ್ಟೆ

ಹಡಗಿನಲ್ಲಿ ಅವ್ವನನ್ನು ಬಾಧಿಸಿದ್ದು ಸಮುದ್ರವಲ್ಲ, ನೀರು. "ಇಷ್ಟು ನೀರೈತೆ, ಒಂದು ಗುಟುಕು ಕುಡಿಯಾಕೆ ಬರಲ್ಲ. ನಮ್ಮ ಹೊಳಿ ಬ್ಯಾಸಗ್ಯಾಗ ಒಣಗಿದ್ರೂ ವರತೆ ತೋಡಿದ್ರೆ ಸಿಹಿನೀರು ಕೊಡ್ತೈತೆ," ಎಂದು ದಿನಕ್ಕೊಮ್ಮೆ ಸಮುದ್ರವನ್ನು ಬೈಯುತ್ತಿದ್ದಳು. ಮೊಂಬಾಸಾ ದಾಟಿ ಜಂಜಿಬಾರ್ ಕಂಡಾಗ ಆಕೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ದಪ್ಪಗೆ ವಿಭೂತಿ ಹಚ್ಚಿ, ಇಳಕಲ್ ಸೀರೆ ಉಟ್ಟು, ಬೀಗರ ಮನೆಗೆ ಹೊರಟವಳಂತೆ ಸಿದ್ಧಳಾಗಿದ್ದಳು. ಹಡಗು ಸಂಜೆಯ ತನಕ ನಿಲ್ಲುತ್ತಿತ್ತು. ಊರು ನೋಡುವವರನ್ನು ನಡೆಸಿಕೊಂಡು ಹೋಗಲು ಒಬ್ಬ ಗೈಡ್ ಕಟ್ಟೆಯ ಮೇಲೆ ಕಾಯುತ್ತಿದ್ದ.

ಅವನ ಹೆಸರು ಜುಮಾ. ಬಿಳಿ ಟೋಪಿ, ಬಿಳಿ ನಿಲುವಂಗಿ, ಮಡಿಸಿದ ಕರಿ ಕೊಡೆ. ತೋರಿಸುವುದಕ್ಕೆ, ದಾರಿ ಬಿಡಿಸುವುದಕ್ಕೆ, ನಾಯಿ ಬೆದರಿಸುವುದಕ್ಕೆ ಎಲ್ಲಕ್ಕೂ ಅದೇ ಕೊಡೆ. ಅದು ಒಂದೇ ಕೈಯಲ್ಲಿ ನಿಂತದ್ದಿಲ್ಲ. ನಮ್ಮ ಗುಂಪಿನಲ್ಲಿದ್ದವರು ಕಟ್ಟಡ ಗುತ್ತಿಗೆಯ ಒಬ್ಬ ಸರ್ದಾರ್ಜಿ, ಗೋವೆಯ ಒಬ್ಬ ಟೀಚರಮ್ಮ, ಮತ್ತೆ ನಾವಿಬ್ಬರು. ಜುಮಾ ಒಬ್ಬೊಬ್ಬರಿಗೂ ಕೈಮುಗಿದು, ನಿಮ್ಮ ಊರು ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದ. ದಾವಣಗೆರೆ ಎಂದರೆ ತಿಳಿಯದೆಂದು ನಾನು "ಮೈಸೂರು" ಎಂದೆ. ಅವನು ಅವ್ವನ ಹಣೆಯನ್ನು ಒಂದು ಗಳಿಗೆ ನೋಡಿದ. ಇದು ನನಗೆ ಸ್ಪಷ್ಟವಾಗಿ ನೆನಪಿದೆ.

ಓಣಿಗಳು

ಆ ಊರಿನ ಓಣಿಗಳು ನಮ್ಮ ಹಳೇ ಪೇಟೆಯ ಸಂದಿಗಳಿಗಿಂತ ಇಕ್ಕಟ್ಟು. ಎರಡೂ ಕಡೆ ಹವಳದ ಕಲ್ಲಿನ ಎತ್ತರದ ಮನೆಗಳು. ಎದುರಿಗೆ ಕತ್ತೆ ಬಂದರೆ ಯಾರದಾದರೂ ಜಗಲಿ ಹತ್ತಬೇಕು. ಜಗಲಿ ಎಂದರೆ ನಮ್ಮ ಜಗಲಿಯೇ: ಮನೆ ಮುಂದೆ ಕಲ್ಲಿನ ಕಟ್ಟೆ, ಅದರ ಮೇಲೆ ಕೆಲಸವಿಲ್ಲದ ಹಿರಿಯರು. ಎದುರಾದವರೆಲ್ಲ ಜುಮಾನನ್ನು ನಿಲ್ಲಿಸಿ ಹೇಗಿದ್ದೀ, ಮನೆಯವರು ಹೇಗಿದ್ದಾರೆ, ಕೆಲಸ ಹೇಗಿದೆ, ಮೈ ಹೇಗಿದೆ ಎಂದು ಕೇಳುತ್ತಿದ್ದರು. ಅವನೂ ಅದನ್ನೆಲ್ಲ ತಿರುಗಿ ಕೇಳುತ್ತಿದ್ದ. ಸರ್ದಾರ್ಜಿ ಗಡಿಯಾರ ನೋಡಿಕೊಂಡ. ಅವ್ವನಿಗೆ ಮಾತ್ರ ಬಹಳ ಹಿಡಿಸಿತು. "ಮನುಷ್ಯರು ಅಂದ್ರೆ ಹಿಂಗಿರ್ಬೇಕು ನೋಡು. ನಿಮ್ಮ ಬಡಾವಣ್ಯಾಗ ಒಬ್ರರ ಮಾತಾಡಿಸ್ತಾರಾ?"

ಬಾಗಿಲ ಮೊಳೆಗಳು ಆನೆ ಬಂದು ಗುದ್ದದಿರಲಿ ಎಂದು ಹೊಡೆದವು ಎಂದ ಜುಮಾ. ನಾನು ಅವ್ವನಿಗೆ ಹೇಳಿದೆ.

"ಈ ಊರಾಗ ಆನೆ ಎಲ್ಲದಾವಂತೆ?"

"ಒಂದೂ ಇಲ್ಲವಂತೆ."

"ಹಂಗಾದ್ರೆ ಮೊಳೆ ಚೆನ್ನಾಗಿ ಕೆಲ್ಸ ಮಾಡ್ಯಾವೆ ಬಿಡು."

ಆಗಲೇ ನಾನು ಜುಮಾನ ವರಸೆಯನ್ನು ಗುರುತಿಸಿಕೊಂಡಿದ್ದೆ. ಒಂದು ಕಮಾನು ಬಂದಾಗ, ಇದನ್ನು ಕಟ್ಟಿದವನು ಒಬ್ಬ ಪಂಜಾಬಿ ಮೇಸ್ತ್ರಿ ಎಂದ. ಸರ್ದಾರ್ಜಿ ಕಮಾನನ್ನು ತಟ್ಟಿ ನೋಡಿ ಮೀಸೆ ತಿರುವಿದ. ಒಂದು ಮರದ ಉಪ್ಪರಿಗೆ ಬಂದಾಗ, ಇಲ್ಲಿ ಗೋವೆಯ ಒಬ್ಬ ಸಂಗೀತಗಾರ ಪಿಟೀಲು ಬಾರಿಸುತ್ತಿದ್ದ ಎಂದ. ಟೀಚರಮ್ಮ ಕರವಸ್ತ್ರ ತೆಗೆದಳು. ಒಂದೊಂದು ಕಡೆ ಒಬ್ಬೊಬ್ಬರ ಊರನ್ನು ಅವನು ಗೋಡೆಯೊಳಗಿಂದ ತೆಗೆದು ಕೊಡುತ್ತಿದ್ದ. ಮುಂದಿನ ಸರದಿ ನಮ್ಮದು ಎಂದು ನಾನು ಒಳಗೇ ನಗುತ್ತಿದ್ದೆ.

ಅವ್ವ ಗೈಡನ್ನು ನೆಚ್ಚಿ ಕೂರಲಿಲ್ಲ. ಭಾರತೀಯರ ಅಂಗಡಿ ಕಂಡಲ್ಲೆಲ್ಲ ಹೊಕ್ಕು, ಮೊದಲು ಕನ್ನಡದಲ್ಲಿ, ಆಮೇಲೆ ಪೇಟೆಯ ಉರ್ದುವಿನಲ್ಲಿ, "ನಮ್ಮ ಕಡೆಯೋರು ಯಾರಾದ್ರೂ ಅದಾರೇನ್ರಿ?" ಎಂದು ಕೇಳಿದಳು. ಗುಜರಾತಿ ಅಂಗಡಿಯವರು ಆಕೆಯನ್ನು ಕೂರಿಸಿದರು, ನೀರು ಕೊಟ್ಟರು, ತಲೆ ಅಲ್ಲಾಡಿಸಿದರು. ಮೆಟ್ಟಿಲು ಹತ್ತಿ ಇಳಿಯುವಾಗ ಆಕೆಯ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಜುಮಾ ಯಾರಲ್ಲೋ ಬೇಡಿ ತೆಂಗಿನ ನಾರಿನ ಹುರಿ ತಂದು ಕೊಟ್ಟ. ಅವ್ವ ಅದನ್ನು ಕಟ್ಟಿಕೊಂಡು ಕಾಲೆಳೆಯುತ್ತ ನಮ್ಮ ಹಿಂದೆ ಬಂದಳು.

ಮಾರುಕಟ್ಟೆ

ಇಲ್ಲಿ ನಾನು ನಿಧಾನವಾಗಿ ಬರೆಯಬೇಕು.

ಮಾರುಕಟ್ಟೆಯನ್ನು ನಾವು ಎರಡು ಸಲ ದಾಟಿದೆವು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಊರೆಲ್ಲ ಲವಂಗದ ವಾಸನೆ, ಅಲ್ಲಿ ಇನ್ನೂ ಹೆಚ್ಚು. ಒಬ್ಬ ಮುದುಕ ತಕ್ಕಡಿ ಎತ್ತಿ ಲವಂಗ ತೂಗುತ್ತಿದ್ದ. ಅದನ್ನು ನೋಡಿ ನಾನು ಜುಮಾನಿಗೆ, ನಮ್ಮ ಊರಿನ ವ್ಯಾಪಾರಿಗಳು ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ತಕ್ಕಡಿಯ ದಂಡಿಗೆ ವಿಭೂತಿಯ ಮೂರು ಗೆರೆ ಎಳೆಯುತ್ತಾರೆ, ಅಲ್ಲಿಯ ತನಕ ಯಾರಿಗೂ ತೂಗಿ ಕೊಡುವುದಿಲ್ಲ ಎಂದು ಹೇಳಿದೆ. ಹೇಳಿದ್ದು ನಿಜ. ಇದು ಒಂದು ನಂಬಿಕೆ, ಮೂರು ಗೆರೆಯಿಂದ ತೂಕ ಸರಿಯಾಗುವುದಿಲ್ಲ ಎಂದೂ ಸೇರಿಸಿದೆ. ಜುಮಾ ನಕ್ಕ.

ಆದರೆ ಹೇಳಿದ್ದು ಹೋಗುವಾಗಲೋ, ಬರುವಾಗಲೋ?

ಬರವಣಿಗೆಯ ಅನುಕೂಲಕ್ಕೆ ಇಲ್ಲಿ ಇಟ್ಟಿದ್ದೇನೆ. ಇದರ ಜಾಗ ಮುಂದಿನ ಭಾಗದ ಆಚೆಗೂ ಇರಬಹುದು.

ಕರಿ ಬಾಗಿಲು

ಓಣಿ ತಿರುಗಿದಲ್ಲಿ ಹೊಗೆ ಹಿಡಿದಂತೆ ಕಪ್ಪಾದ ಒಂದು ಬಾಗಿಲು. ಬೀಗ ಹಾಕಿತ್ತು. ಜುಮಾ ನಿಂತು ನನ್ನ ಕಡೆ ತಿರುಗಿದ. "ಇದು ನಿಮ್ಮ ಮೈಸೂರಿನವನದು."

ಬಂತು ನಮ್ಮ ಸರದಿ ಅಂದುಕೊಂಡೆ. ಅವ್ವ ಹಿಂದೆ, ಎದುರು ಮನೆಯ ಜಗಲಿಯ ಮೇಲೆ ಕುಳಿತು ಬಗ್ಗಿ ಚಪ್ಪಲಿಯ ಹುರಿ ಬಿಗಿಯುತ್ತಿದ್ದಳು.

ಜುಮಾ ಹೇಳಿದ್ದು ಇಷ್ಟು. ಹಿಂದೆ ಇಲ್ಲಿ ಕೆಳಗೆ ಅಂಗಡಿ ಇತ್ತು. ಅಂಗಡಿಯವನ ಹೆಸರು ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ. ಎಲ್ಲರೂ ಅವನನ್ನು ಬ್ವಾನಾ ಮಜಿವು ಅನ್ನುತ್ತಿದ್ದರು. ಅಲ್ಲಿನ ಭಾಷೆಯಲ್ಲಿ ಬೂದಿ ಯಜಮಾನ ಎಂದರ್ಥ. ಬೆಳಿಗ್ಗೆ ಬಾಗಿಲು ತೆಗೆದವನೇ ಮೂರು ಬೆರಳು ಬೂದಿಗೆ ಅದ್ದಿ ತಕ್ಕಡಿಯ ದಂಡಿಯ ಮೇಲೆ ಎಳೆಯುತ್ತಿದ್ದ. "ಹೀಗೆ," ಎಂದು ಜುಮಾ ಗಾಳಿಯಲ್ಲಿ ಎಳೆದು ತೋರಿಸಿದ. ಎಳೆಯುವ ತನಕ ಸುಲ್ತಾನನೇ ಬಂದರೂ ತೂಗುತ್ತಿರಲಿಲ್ಲ. ಆಮೇಲೆ ಅಂಗಡಿ ಮುಚ್ಚಿ, ಪೆಂಬಾ ಎಂಬ ಪಕ್ಕದ ದ್ವೀಪಕ್ಕೆ, ಲವಂಗದ ತೋಟಗಳ ಕಡೆ ಹೋದ.

ನನ್ನ ನಗು ನಿಂತಿತು. ನಾನು ತಿರುಗಿ ಅವ್ವನಿಗೆ ಹೇಳಿದೆ. ಆಕೆ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಎದ್ದು ಬಂದು ಬಾಗಿಲಿನ ಮೇಲೆ ಕೈ ಇಟ್ಟಳು.

"ಎತ್ತರ ಇದ್ನಾ ಕೇಳು."

ಕೇಳಿದೆ. ತನಗಿಂತ ಎತ್ತರ ಎಂದ ಜುಮಾ. ಜುಮಾನಿಗಿಂತ ಗಿಡ್ಡಗಿನವರು ಆ ಓಣಿಯಲ್ಲಿ ಯಾರೂ ಇರಲಿಲ್ಲ.

"ಹಾಡ್ತಿದ್ನಾ ಕೇಳು. ಮೂಗಿನಾಗ."

ಎಲ್ಲ ಹಿಂದೂಸ್ತಾನಿಗಳೂ ಹಾಡುತ್ತಾರೆ ಎಂದ ಜುಮಾ.

"ಪೆಂಬಾ ಎಷ್ಟು ದೂರ ಐತಂತೆ?"

"ದೋಣಿಯಲ್ಲಿ ಹೋಗಬೇಕಂತೆ. ಅವ್ವ, ಸ್ವಲ್ಪ ತಾಳು. ಈತ ಪಂಜಾಬಿಗೆ ಪಂಜಾಬಿ ಮೇಸ್ತ್ರಿಯನ್ನು ಕೊಟ್ಟ, ಟೀಚರಮ್ಮನಿಗೆ ಪಿಟೀಲಿನವನನ್ನು ಕೊಟ್ಟ. ನಿನ್ನ ಹಣೆ ನೋಡಿ ಬೂದಿಯವನನ್ನು ಕೊಟ್ಟಿರಬಹುದು."

"ನನ್ನ ಹಣ್ಯಾಗ ತಕ್ಕಡಿ ಬರ್ದೈತಾ?"

ನಾನು ಹೇಳಲೇಬೇಕಾಯಿತು. "ತಕ್ಕಡಿಯ ವಿಷಯ ಅವನಿಗೆ ನಾನೇ ಹೇಳಿದೀನಿ ಅನ್ನಿಸ್ತದೆ."

"ಈಗ, ಇವನು ಹೇಳೋಕಿಂತ ಮೊದ್ಲಾ?"

ನೋಡಿ, ಈ ಮಾತುಕತೆ ಬಾಗಿಲ ಮುಂದೆಯೇ ನಡೆದಿದ್ದರೆ, ನಾನು ತಕ್ಕಡಿಯ ವಿಷಯ ಹೇಳಿದ್ದು ಮಾರುಕಟ್ಟೆಯನ್ನು ಮೊದಲ ಸಲ ದಾಟುವಾಗಲೇ ಇರಬೇಕು. ಎರಡನೆಯ ಸಲ ಇನ್ನೂ ಬಂದೇ ಇರಲಿಲ್ಲ. ಆದರೆ ಈ ಪ್ರಶ್ನೆಯನ್ನು ಅವ್ವ ಬಾಗಿಲ ಮುಂದೆ ಕೇಳಿದಳೋ, ಮಾರುಕಟ್ಟೆ ದಾಟಿ ಕಟ್ಟೆಗೆ ಬಂದು ಕುಳಿತಾಗ ಕೇಳಿದಳೋ ಎಂಬುದೇ ನನಗೆ ಈಗ ಗೊತ್ತಿಲ್ಲ. ಆಕೆಯನ್ನು ಕೇಳಿದರೆ, "ನನಗೇನು ಗೊತ್ತಪ್ಪ, ನನ್ನ ಕಣ್ಣಿಗೆ ಆ ಬಾಗ್ಲು ಬಿಟ್ಟು ಬ್ಯಾರೆ ಏನೂ ಕಾಣ್ತಿರ್ಲಿಲ್ಲ," ಅನ್ನುತ್ತಾಳೆ. ಯಾವ ಜಾಗದಲ್ಲಾದರೂ ನಾನು ಕೊಟ್ಟ ಉತ್ತರ ಒಂದೇ. ನೆನಪಿಲ್ಲ ಎಂದೆ. ಕೇಳಿದ ಹೊತ್ತಿನಲ್ಲೂ ನನಗೆ ನಿಜವಾಗಿ ನೆನಪಿರಲಿಲ್ಲ.

ಹಡಗು ಕೂಗಿತು. ಅಲ್ಲೇ ಉಳಿದರೆ ಪೆಂಬಾಕ್ಕೆ ಹೋಗಬಹುದಿತ್ತು. ಹಾಗೆ ಮಾಡಿದರೆ ಶಾಂತನ ಹೆರಿಗೆಗೆ ಯಾರೂ ಇರುವುದಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಬರೋ ಜೀವ ಮೊದ್ಲು. ಹೋಗಿರೋ ಜೀವ ಎಲ್ಲಿಗೆ ಹೋಗ್ತೈತೆ, ಇಷ್ಟು ವರ್ಷ ಇದ್ದಿದ್ದು ಇನ್ನೊಂದು ತಿಂಗಳು ಇರ್ತೈತೆ. ತೊಟ್ಟಿಲು ಆದ್ಮ್ಯಾಲೆ ಇಬ್ರೂ ಬರೋಣ."

ಸರಿಯಾದ ಮಾತೇ. ಇಂದಿಗೂ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅದಕ್ಕೇ ಹೆಚ್ಚು ಸಂಕಟ.

ದಾರ್ ಎಸ್ ಸಲಾಂ

ಇವತ್ತು ನಾಳೆ ಎಂದಿದ್ದ ಮಗು ತಾನಾಗಿ ತಡಮಾಡಿತು. ನಾವು ಬಂದು ಕುಳಿತೆವು, ಅವ್ವ ಬಾಣಂತಿಯ ಖಾರ ಕುಟ್ಟಿದಳು, ಅಂಟಿನುಂಡೆ ಕಟ್ಟಿದಳು, ಮಗು ಬರಲಿಲ್ಲ. ಪೆಂಬಾಕ್ಕೆ ಹೋಗಿ ಬರುವಷ್ಟು ದಿನಗಳು ಸುಮ್ಮನೆ ಕಳೆದುಹೋದವು. ಕೊನೆಗೆ ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ಸಿದ್ಧತೆ ನಡೆದಿದ್ದಾಗ ರೇಡಿಯೋದಲ್ಲಿ ಜಂಜಿಬಾರಿನ ಸುದ್ದಿ ಬಂತು. ಸುಲ್ತಾನ ಓಡಿಹೋಗಿದ್ದ, ಊರಿನಲ್ಲಿ ಬಂದೂಕುಗಳು. ದೋಣಿಗಳು ನಿಂತವು.

ಆಮೇಲೆ ಅಲ್ಲಿಂದ ಇತ್ತ ಕಡೆಗೆ ಜನ ಬರತೊಡಗಿದರು. ನಾನು ಬಂದರಿನ ಕಡೆಗೆ ಹೋದೆ. ಬ್ವಾನಾ ಮಜಿವು ಎಂಬವನು ಗೊತ್ತೆ ಎಂದು ಕೇಳಬೇಕೆಂದೇ ಹೋದೆ. ಒಬ್ಬ ಗುಜರಾತಿ ಹೆಂಗಸು ಹೊಲಿಗೆ ಯಂತ್ರದ ತಲೆಯನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೆ ಕುಳಿತಿದ್ದಳು. ನಮ್ಮ ಅವ್ವನಿಗೆ ನೀರು ಕೊಟ್ಟ ಅಂಗಡಿಗಳಲ್ಲಿ ಒಂದರವಳೇ ಇರಬಹುದು. ಅವಳ ಮುಖ ನೋಡಿದ ಮೇಲೆ, ತಕ್ಕಡಿಗೆ ಬೂದಿ ಬಳಿಯುತ್ತಿದ್ದ ಒಬ್ಬನನ್ನು ವಿಚಾರಿಸಲು ನನಗೆ ಬಾಯಿ ಬರಲಿಲ್ಲ. ಜುಮಾ ಏನಾದನೋ. ಅವನೊಬ್ಬ ಸಿಕ್ಕಿದ್ದರೆ ಸಾಕಾಗಿತ್ತು.

ನಾವು ಮರಳಿದ ಹಡಗು ಆ ದ್ವೀಪವನ್ನು ದೂರದಿಂದಲೇ ದಾಟಿತು. ಅವ್ವ ಕಂಬಿ ಹಿಡಿದು ನಿಂತಿದ್ದಳು. ಸಮುದ್ರವನ್ನು ಅಂದು ಬೈಯಲಿಲ್ಲ.

ಮತ್ತೆ ಹರಿಹರ

ದಾವಣಗೆರೆಗೆ ಹೋಗದೆ ಹರಿಹರದಲ್ಲೇ ಇಳಿದೆವು. ಗೌರತ್ತೆ ಅಂಗಡಿಯ ಬಾಗಿಲನ್ನು ಅರ್ಧ ಮುಂದೆ ಮಾಡಿ ನಮ್ಮನ್ನು ಗೋಣಿಚೀಲದ ಮೇಲೆ ಕೂರಿಸಿ, ಮಂಡಕ್ಕಿ ಕಲಸಿ ಕೊಟ್ಟಳು. ಬಳೆ, ಕುಂಕುಮ, ತಾಳಿ ಎಲ್ಲ ಇದ್ದಂತೆಯೇ ಇದ್ದವು. ನಾನು ಒಂದನ್ನೂ ಬಿಡದೆ ಹೇಳಿದೆ. ಕರಿ ಬಾಗಿಲು, ಬೂದಿ ಯಜಮಾನ, ಮೂರು ಗೆರೆ, ಪೆಂಬಾ. ಅದರ ಜೊತೆಗೆ ಪಂಜಾಬಿ ಮೇಸ್ತ್ರಿ, ಪಿಟೀಲು, ಆನೆ, ಮಾರುಕಟ್ಟೆಯಲ್ಲಿ ನಾನಾಡಿದ ಮಾತು, ಅದು ಮೊದಲೋ ಆಮೇಲೋ ಎಂಬ ನನ್ನ ಅನುಮಾನ.

ಅವಳು ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಎಳೆದು ತೋರ್ಸಿದ ಅಂದ್ಯಲ್ಲ. ಯಾವ ಕೈಲಿ ತೋರ್ಸಿದ?" ಎಂದಳು.

ಅವ್ವ ರೇಗಿದಳು. "ಯಾವ ಕೈ ಅಂದ್ರೆ? ಬಲಗೈ. ಈಬತ್ತಿ ಯಾರಾದ್ರೂ ಎಡಗೈಲಿ ಹಚ್ತಾರೇನೇ?"

"ಅವರು ಹಚ್ತಿದ್ರು."

"ಅಪ್ಪ ಬೆತ್ತ ತಗಂಡು ಬಿಡಿಸಿದ್ದ ಅದನ್ನ. ಸಣ್ಣೋನಿದ್ದಾಗಲೇ."

"ನಿಮ್ಮ ಮುಂದೆ ಬಿಟ್ಟಿದ್ರು ಅಕ್ಕಾ. ಅಂಗಡ್ಯಾಗ ಯಾರೂ ಇಲ್ದಾಗ ಎಡಗೈನೇ. ನಿಮ್ಮಪ್ಪಾರು ನೋಡ್ಯಾರು ಅಂತ ನಾನು ಬಾಗ್ಲಾಗ ನಿಂತು ಕಾಯ್ತಿದ್ದೆ." ಗೌರತ್ತೆ ನಕ್ಕಳು. ಅಷ್ಟು ವರ್ಷಗಳಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗು ಮುಗಿಸಿ ನನ್ನ ಕಡೆ ತಿರುಗಿದಳು. ಅವ್ವನೂ ತಿರುಗಿದಳು.

ಅವ್ವನ ಹಣೆ, ಮಾರುಕಟ್ಟೆಯಲ್ಲಿ ನಾನಾಡಿದ ಮಾತು ಯಾವುದರಿಂದಲೂ ಜುಮಾ ಎಡಗೈಯನ್ನು ಕಲ್ಪಿಸಿಕೊಳ್ಳಲಾರ. ಸಾಕ್ಷಿ ನನ್ನ ಕಣ್ಣ ಮುಂದೆ, ಗಾಳಿಯಲ್ಲಿ, ಮೂರು ಬೆರಳಲ್ಲಿ ನಡೆದಿತ್ತು. ಅವ್ವ ಆಗ ಬಗ್ಗಿ ಚಪ್ಪಲಿ ಕಟ್ಟುತ್ತಿದ್ದಳು, ನಮ್ಮಲ್ಲಿ ನೋಡಿದವನು ನಾನೊಬ್ಬನೇ. ಕಣ್ಣು ಮುಚ್ಚಿದೆ. ಕರಿ ಬಾಗಿಲು ಬಂತು, ಬಿಳಿ ಟೋಪಿ ಬಂತು. ಕೊಡೆ ಬಲಗೈಯಲ್ಲಿದೆ, ಎಡಗೈ ಎಳೆಯುತ್ತಿದೆ. ಮತ್ತೆ ನೋಡಿದೆ. ಕೊಡೆ ಎಡಗೈಯಲ್ಲಿದೆ. ಎಡಗೈಯೇ ಎಂದಿಟ್ಟುಕೊಂಡರೂ, ಬಲಗೈಯಲ್ಲಿ ಕೊಡೆ ಇದ್ದದ್ದಕ್ಕೆ ಹಾಗೆ ಮಾಡಿರಬಹುದಲ್ಲ ಎಂದು ನನ್ನ ತರ್ಕ ಎದ್ದು ಕೂತಿತು.

ಎಡಗೈ ಅಂದುಬಿಡಬಹುದಿತ್ತು. ಒಂದೇ ಮಾತು. ಜುಮಾ ಒಬ್ಬೊಬ್ಬರಿಗೆ ಅವರವರ ಊರನ್ನು ಕೊಟ್ಟಂತೆ ನಾನು ಅವಳಿಗೆ ಅವಳ ಗಂಡನನ್ನು ಕೊಟ್ಟುಬಿಡಬಹುದಿತ್ತು. ಬಾಯಿ ತೆರೆದದ್ದು ಅದಕ್ಕೇ ಇರಬೇಕು.

"ಬ್ಯಾಡ," ಎಂದಳು ಗೌರತ್ತೆ. "ನನಗೋಸ್ಕರ ಹೇಳಬ್ಯಾಡ. ನೆನಪಾದ್ರೆ ಹೇಳು. ಆತುರ ಏನೈತೆ?"

ಅದಾದ ಮೇಲೆ ಹರಿಹರದ ಬಸ್ಸು ಹತ್ತಿದಾಗಲೆಲ್ಲ ಅವಳ ಅಂಗಡಿಗೆ ಹೋಗುತ್ತೇನೆ. ಮೊದಲು ಹೊಳೆ ಎಷ್ಟು ಬಂದಿದೆ, ಅವ್ವನ ಮಂಡಿನೋವು ಹೇಗಿದೆ, ಶಾಂತನ ಮಗಳು ಮಾತಾಡುತ್ತಾಳಾ ಎಂಬ ಮಾತೆಲ್ಲ ಆಗುತ್ತದೆ. ಜಂಜಿಬಾರಿನ ಓಣಿಯಲ್ಲಿ ಜುಮಾನನ್ನು ನಿಲ್ಲಿಸಿ ಕೇಳುತ್ತಿದ್ದಂತೆ, ಒಂದಾದ ಮೇಲೊಂದು, ಸಾವಕಾಶವಾಗಿ. ಎಲ್ಲ ಮುಗಿದು ನಾನು ಎದ್ದು ನಿಂತಾಗ ಅವಳು ತಕ್ಕಡಿಯ ದಂಡಿಯನ್ನು ಸರಿಮಾಡುತ್ತ, ನನ್ನ ಕಡೆ ನೋಡದೆ ಕೇಳುತ್ತಾಳೆ:

"ನೆನಪಾತಾ?"

"ಇನ್ನೂ ಇಲ್ಲ ಅತ್ತೆ."

"ಆಗ್ಲಿ. ಹೋಗಿ ಬಾ."